ರೋಬೋಟ್ ವ್ಯಾಕ್ಯೂಮ್ ಚಾರ್ಜ್ ಆಗುತ್ತಿಲ್ಲವೇ? ಕರೆಂಟಿನ ದಾರಿ ಹಿಡಿದು ಹುಡುಕಿ

ವಿಜಯಪುರದ ಜಲನಗರದಲ್ಲಿರುವ ನಮ್ಮ ಮನೆಯಲ್ಲಿ ಕಸ ಗುಡಿಸುವ ರೋಬೋಟ್ ಒಂದು ಎರಡು ವರ್ಷಗಳಿಂದ ಕೆಲಸ ಮಾಡುತ್ತಿದೆ. ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ನೋಡಿದರೆ, ಅದು ರಾತ್ರಿಯಿಡೀ ತನ್ನ ಚಾರ್ಜಿಂಗ್ ಡಾಕ್ (ಚಾರ್ಜ್ ಆಗಲು ಬಂದು ಕೂರುವ ಪೀಠ) ಮೇಲೆಯೇ ಕುಳಿತಿದ್ದರೂ ಬ್ಯಾಟರಿ ಬರಿದಾಗಿ ಸುಮ್ಮನಾಗಿತ್ತು. ದುರಸ್ತಿಯ ಅಂಗಡಿಗೆ ಒಯ್ದಾಗ, ತಿರುಗಿಸಿಯೂ ನೋಡದೆ, ಬ್ಯಾಟರಿ ಹೋಗಿದೆ, ಹೊಸದು ಹಾಕಬೇಕು ಎಂದರು. ಬೆಲೆ ಕೇಳಿಕೊಂಡು ಮನೆಗೆ ಮರಳಿ, ಪಡಸಾಲೆಯಲ್ಲಿ ಹಳೆಯ ದಿನಪತ್ರಿಕೆ ಹಾಸಿ, ಅದನ್ನು ಬೋರಲು ಹಾಕಿ ನೋಡಿದೆ. ಹೊಟ್ಟೆಯ ಮುಂಭಾಗದಲ್ಲಿರುವ ಎರಡು ಲೋಹದ ಪಟ್ಟಿಗಳ ಮೇಲೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವಂಥದೇ ಬಿಳಿಯ ತೆಳು ಪದರ ಕಟ್ಟಿತ್ತು. ಉಗುರಿನಿಂದ ಕೆರೆದರೆ ಹಿಟ್ಟಿನಂತೆ ಉದುರುತ್ತಿತ್ತು. ಅದನ್ನು ತೆಗೆದು, ಪಟ್ಟಿಗಳನ್ನು ಒರೆಸಿ ಡಾಕ್ ಮೇಲೆ ಇಟ್ಟೊಡನೆ ದೀಪ ಹತ್ತಿತು. ಅದೇ ಬ್ಯಾಟರಿ ಈಗಲೂ ಅದರೊಳಗೆ ದುಡಿಯುತ್ತಿದೆ.

ರೋಬೋಟ್ ಚಾರ್ಜ್ ಆಗದಿದ್ದಾಗ ನಾವು ಮೊದಲು ಅನುಮಾನಿಸುವುದು ಬ್ಯಾಟರಿಯನ್ನು. ಆದರೆ ಗೋಡೆಯ ಸಾಕೆಟ್ಟಿನಿಂದ ಹೊರಟ ವಿದ್ಯುತ್ತು ಬ್ಯಾಟರಿಯನ್ನು ತಲುಪುವುದು ಎಲ್ಲಕ್ಕಿಂತ ಕೊನೆಯಲ್ಲಿ. ಸಾಕೆಟ್ಟಿನ 230 ವೋಲ್ಟನ್ನು ಅಡಾಪ್ಟರ್ ಸುಮಾರು 19ರಿಂದ 24 ವೋಲ್ಟಿನ ಡಿಸಿಗೆ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತಿಗೆ, ಇಳಿಸುತ್ತದೆ. ಅದು ತಂತಿಯ ಮೂಲಕ ಡಾಕ್‌ಗೆ ಬಂದು, ಡಾಕ್‌ನ ಎರಡು ಲೋಹದ ಬಿಂದುಗಳಿಂದ ರೋಬೋಟಿನ ಎರಡು ಪಟ್ಟಿಗಳಿಗೆ ದಾಟಿ, ಒಳಗಿನ ಚಾರ್ಜಿಂಗ್ ಬೋರ್ಡಿಗೆ ಹೋಗುತ್ತದೆ. ಆ ಬೋರ್ಡು ಬ್ಯಾಟರಿಯ ವೋಲ್ಟೇಜನ್ನೂ ಉಷ್ಣಾಂಶವನ್ನೂ ನೋಡಿಕೊಂಡು, ಸರಿಯೆನಿಸಿದರೆ ಮಾತ್ರ ಒಳಗೆ ಬಿಡುತ್ತದೆ. ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ನಮಗೆ ಹೊರಗೆ ಕಾಣುವ ಲಕ್ಷಣ ಒಂದೇ. ಆದ್ದರಿಂದ ಹುಡುಕುವವರು ಗೋಡೆಯಿಂದ ಬ್ಯಾಟರಿಯ ಕಡೆಗೆ ನಡೆಯಬೇಕೇ ಹೊರತು ಬ್ಯಾಟರಿಯಿಂದ ಗೋಡೆಯ ಕಡೆಗಲ್ಲ. ಖರ್ಚಿಲ್ಲದೆ ಸರಿಯಾಗುವ ದೋಷಗಳಲ್ಲಿ ಹೆಚ್ಚಿನವು ಇರುವುದು ಈ ದಾರಿಯ ಮೊದಲರ್ಧದಲ್ಲಿಯೇ.

ಸಾಕೆಟ್ಟಿನ ಪರೀಕ್ಷೆ ಅರ್ಧ ನಿಮಿಷದ ಕೆಲಸ: ಅದೇ ತೂತಿಗೆ ಮೊಬೈಲ್ ಚಾರ್ಜರ್ ಚುಚ್ಚಿ ನೋಡಿದರೆ ಮುಗಿಯಿತು. ಅಡಾಪ್ಟರಿನ ವಿಷಯ ಅಷ್ಟು ಸರಳವಲ್ಲ. ಅದರ ಮೈಮೇಲಿನ ಚೀಟಿಯಲ್ಲಿ ಔಟ್‌ಪುಟ್ 19 ವೋಲ್ಟ್, 0.6 ಆಂಪಿಯರ್ ಎಂಬಂತಹ ಬರಹ ಇರುತ್ತದೆ. ವೋಲ್ಟೇಜು ಅಳೆಯುವ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಕೆಂಪು ಮೊನೆಯನ್ನು ಪಿನ್ನಿನ ಒಳತೂತಿಗೂ ಕಪ್ಪು ಮೊನೆಯನ್ನು ಹೊರಬಳೆಗೂ ಮುಟ್ಟಿಸಿದರೆ, ಚೀಟಿಯಲ್ಲಿ ಬರೆದ ಸಂಖ್ಯೆಯ ಆಸುಪಾಸಿನ ಅಂಕಿ ಬರಬೇಕು. ಏನೂ ಬರದಿದ್ದರೆ ಅಡಾಪ್ಟರ್ ಸತ್ತಿದೆ ಎಂದು ಖಚಿತವಾಗಿ ಹೇಳಬಹುದು. ಆದರೆ ಸರಿಯಾದ ಅಂಕಿ ಬಂದ ಮಾತ್ರಕ್ಕೆ ಅಡಾಪ್ಟರ್ ಗಟ್ಟಿಯಾಗಿದೆ ಎಂದು ತಿಳಿಯಬಾರದು. ಅದರೊಳಗೆ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಸಮಗೊಳಿಸುವ ಕೆಪಾಸಿಟರುಗಳು ಶಾಖಕ್ಕೆ ಒಣಗುತ್ತವೆ. ಉಷ್ಣಾಂಶ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರ ರೂಢಿಯ ಲೆಕ್ಕ. ಹಾಗೆ ಒಣಗಿದ ಅಡಾಪ್ಟರ್ ಕೆಲಸವಿಲ್ಲದಾಗ ಪೂರ್ತಿ 19 ವೋಲ್ಟ್ ತೋರಿಸಿ, ರೋಬೋಟ್ ಕರೆಂಟು ಎಳೆಯಲು ತೊಡಗಿದ ಕೂಡಲೇ ಕುಸಿದುಬಿಡುತ್ತದೆ. ಡಾಕ್ ಮೇಲೆ ಕೂತಾಗ ದೀಪ ಹತ್ತಿ ಆರಿ ಮಾಡುತ್ತಿದ್ದರೆ ಈ ಸಾಧ್ಯತೆಯನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮ ಕಡೆ ಮುಂಗಾರಿಗೆ ಮುನ್ನ ಬರುವ ಗಾಳಿ, ಗುಡುಗು, ಸಿಡಿಲಿನ ಸಂಜೆಗಳಲ್ಲಿ ಅಡಾಪ್ಟರುಗಳು ಹೆಚ್ಚು ಸುಡುತ್ತವೆ. ಬಹುತೇಕ ಅಡಾಪ್ಟರುಗಳು 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುವಂತೆ ತಯಾರಾಗಿರುವುದರಿಂದ ಲೋ ವೋಲ್ಟೇಜ್ ಅವುಗಳಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಗಾಳಿಗೆ ಬೀದಿಯ ನ್ಯೂಟ್ರಲ್ ತಂತಿ ಹರಿದಾಗ ಕೆಲವು ಮನೆಗಳ ವೋಲ್ಟೇಜು 230ರಿಂದ ಬಹಳ ಮೇಲಕ್ಕೆ ಜಿಗಿಯುತ್ತದಲ್ಲ, ಅಪಾಯ ಇರುವುದು ಅಲ್ಲಿ. ಮೋಡ ಕಟ್ಟಿದಾಗ ಡಾಕ್‌ನ ಪ್ಲಗ್ ಕಿತ್ತಿಡುವುದನ್ನು ನಮ್ಮ ಮನೆಯಲ್ಲಿ ರೂಢಿ ಮಾಡಿಕೊಂಡಿದ್ದೇವೆ. ಅಡಾಪ್ಟರ್ ಬದಲಿಸಬೇಕಾಗಿ ಬಂದರೆ ವೋಲ್ಟ್ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಪ್ಲಸ್ ಮತ್ತು ಮೈನಸ್ ಗುರುತು ಹೊಂದಬೇಕು. ಪಿನ್ ಕೂಡುತ್ತದೆ ಎಂಬ ಒಂದೇ ಕಾರಣಕ್ಕೆ ಹಳೆಯ ಲ್ಯಾಪ್‌ಟಾಪಿನ ಅಡಾಪ್ಟರ್ ಚುಚ್ಚಿ ಬೋರ್ಡು ಸುಟ್ಟುಕೊಂಡವರನ್ನು ನಾನು ಬಲ್ಲೆ.

ಕರೆಂಟು ಹೋಗುವುದರಿಂದ ಹುಟ್ಟುವ ಇನ್ನೊಂದು ತೊಡಕು ನೋಡುವವರಿಗೆ ಚಾರ್ಜಿಂಗ್ ದೋಷದಂತೆಯೇ ಕಾಣುತ್ತದೆ. ಡಾಕ್ ತನ್ನ ಇರುವಿಕೆಯನ್ನು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನಿಂದ ಸಾರುತ್ತಿರುತ್ತದೆ. ಟಿವಿಯ ರಿಮೋಟಿನಲ್ಲಿರುವುದೂ ಇದೇ ಬಗೆಯ ಬೆಳಕು. ರೋಬೋಟ್ ಗುಡಿಸುತ್ತಿರುವಾಗ ಕರೆಂಟು ಹೋದರೆ ಆ ಬೆಳಕು ಆರುತ್ತದೆ. ರೋಬೋಟ್ ಮನೆ ಹುಡುಕುತ್ತ ಅಲೆದು, ಮಂಚದ ಕೆಳಗೋ ಕಪಾಟಿನ ಸಂದಿಯಲ್ಲೋ ಬರಿದಾಗಿ ನಿಲ್ಲುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಡಾಕ್‌ನ ಪ್ಲಗ್ಗನ್ನು ಅದರ ಲೈನಿಗೆ ಹಾಕಬಹುದು. 19 ವೋಲ್ಟನ್ನು 0.6ರಿಂದ ಗುಣಿಸಿದರೆ ಬರುವುದು 11 ವ್ಯಾಟ್‌ಗಿಂತ ತುಸು ಹೆಚ್ಚು, ಅಂದರೆ ಒಂದು ಎಲ್‌ಇಡಿ ಬಲ್ಬಿನಷ್ಟೇ ಹೊರೆ. ಕಸವನ್ನು ತಾನೇ ಎಳೆದುಕೊಳ್ಳುವ ದೊಡ್ಡ ಡಾಕ್‌ಗಳಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅವುಗಳೊಳಗೆ ದೊಡ್ಡ ಮೋಟಾರು ಇರುತ್ತದೆ. ಅಂಥ ಡಾಕ್‌ಗಳ ಒಳಗೆ ನೇರ 230 ವೋಲ್ಟ್ ಓಡಾಡುವುದರಿಂದ ಅವನ್ನು ಮನೆಯಲ್ಲಿ ಬಿಚ್ಚಲೂ ಬಾರದು.

ಡಾಕ್ ಇಟ್ಟ ಜಾಗದ ಬಗ್ಗೆ ಒಂದೆರಡು ಮಾತು. ಅದರ ಬೆನ್ನು ಗೋಡೆಗೆ ತಾಗಿರಬೇಕು, ಎರಡೂ ಪಕ್ಕ ಅರ್ಧ ಮೀಟರಿನಷ್ಟು, ಮುಂದೆ ಒಂದೂವರೆ ಮೀಟರಿನಷ್ಟು ಜಾಗ ಖಾಲಿ ಇರಬೇಕು. ನುಣುಪಾದ ಗ್ರಾನೈಟ್ ಮತ್ತು ಟೈಲ್ಸ್ ನೆಲದಲ್ಲಿ ಹಗುರವಾದ ಡಾಕ್ ಜಾರುತ್ತದೆ. ರೋಬೋಟ್ ಬಂದು ತಾಗಿದಾಗ ಹಿಂದಕ್ಕೋ ಓರೆಗೋ ಸರಿದು ಬಿಂದುಗಳು ಕೂಡುವುದಿಲ್ಲ. ಎರಡೂ ಬದಿ ಅಂಟುವ ಟೇಪಿನ ಒಂದು ತುಂಡು ಇದಕ್ಕೆ ಸಾಕು. ಸಂಜೆಯ ಬಿಸಿಲು ನೇರವಾಗಿ ಡಾಕ್ ಮೇಲೆ ಬೀಳುವಂತಿದ್ದರೆ ಆ ಜಾಗ ಬೇಡ. ಬಿಸಿಲಿನಲ್ಲಿಯೂ ಇನ್ಫ್ರಾರೆಡ್ ಇರುವುದರಿಂದ ರೋಬೋಟಿಗೆ ಡಾಕ್‌ನ ಸಂಕೇತ ಸರಿಯಾಗಿ ಕಾಣದೆ ಹೋಗಬಹುದು. ಬಿಸಿಲು ಬೇಡವೆನ್ನಲು ಇನ್ನೂ ಬಲವಾದ ಕಾರಣವೊಂದಿದೆ, ಅದಕ್ಕೆ ಮುಂದೆ ಬರುತ್ತೇನೆ.

ಈಗ ನಮ್ಮ ಭಾಗದವರಿಗೆ ಎಲ್ಲಕ್ಕಿಂತ ಮುಖ್ಯವಾದ ಜಾಗಕ್ಕೆ ಬರೋಣ: ಡಾಕ್ ಮತ್ತು ರೋಬೋಟ್ ಪರಸ್ಪರ ಮುಟ್ಟುವ ಆ ನಾಲ್ಕು ಲೋಹದ ತುಣುಕುಗಳು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬಹಳಷ್ಟು ಮನೆಗಳಲ್ಲಿ ಬಳಕೆಗೆ ಬೋರ್ ನೀರೇ ಗತಿ. ಕಲಾದಗಿ, ಲೋಕಾಪುರದ ಸುತ್ತ ಭೂಮಿಯೊಳಗೆ ಸುಣ್ಣಕಲ್ಲೇ ಹಾಸಿಕೊಂಡಿದೆ. ಅಂಥ ಕಲ್ಲಿನ ಸಂದಿಯಿಂದ ಬಂದ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಗುಡಿಸುವುದರ ಜೊತೆಗೆ ನೆಲ ಒರೆಸುವ ರೋಬೋಟಿನ ಟ್ಯಾಂಕಿಗೆ ಈ ನೀರು ಹಾಕಿದಾಗ, ಒದ್ದೆ ಅರಿವೆಯಿಂದ ಸಿಡಿದ ಹನಿಗಳು ಪಟ್ಟಿಗಳ ಮೇಲೆ ಬಿದ್ದು ಆರುತ್ತವೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹೀಗೆ ಪದರದ ಮೇಲೆ ಪದರ ಕೂತ ಈ ಲವಣ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಅದರ ಮೇಲೆ ಎರೆಮಣ್ಣಿನ ನಯವಾದ ಧೂಳು, ದೇವರ ಮನೆಯ ವಿಭೂತಿ, ಅಂಗಳದಿಂದ ಕಾಲಿಗಂಟಿ ಬಂದ ರಂಗೋಲಿ ಪುಡಿ, ರೊಟ್ಟಿ ಬಡಿಯುವಾಗ ಹಾರಿದ ಜೋಳದ ಹಿಟ್ಟು ಅಂಟಿಕೊಂಡರೆ ಪದರ ಇನ್ನೂ ಗಟ್ಟಿಯಾಗುತ್ತದೆ. ಬೆಳಗಾವಿಯಲ್ಲಿ ನಮಗಿಂತ ಮಳೆ ಹೆಚ್ಚು, ತಿಂಗಳುಗಟ್ಟಲೆ ಗಾಳಿಯಲ್ಲಿ ತೇವ ಇರುತ್ತದೆ; ಅಲ್ಲಿ ಬಿಳಿಯ ಉಪ್ಪಿಗಿಂತ ಲೋಹ ಕಪ್ಪಾಗುವ, ಹಸಿರುಗಟ್ಟುವ ತೊಂದರೆಯನ್ನು ನಿರೀಕ್ಷಿಸಬೇಕು.

ಕಣ್ಣಿಗೆ ಅಷ್ಟು ತೆಳುವಾಗಿ ಕಾಣುವ ಪದರ ಇಷ್ಟು ಹಾನಿ ಮಾಡುವುದು ಹೇಗೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಸಾಮಾನ್ಯ ರೋಬೋಟಿನ ಬ್ಯಾಟರಿಯಲ್ಲಿ ನಾಲ್ಕು ಲಿಥಿಯಂ ಸೆಲ್ಲುಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಒಂದೊಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, ಅಂದರೆ ನಾಲ್ಕೂ ಸೇರಿ 16.8 ವೋಲ್ಟ್. ಅಡಾಪ್ಟರಿನಿಂದ ಬರುವುದು 19 ವೋಲ್ಟ್. ಪಟ್ಟಿಗಳ ಮೇಲಿನ ಪದರ 5 ಓಮ್‌ನಷ್ಟು ತಡೆ ಒಡ್ಡಿದರೆ, 0.6 ಆಂಪಿಯರ್ ಹರಿಯುವಾಗ ಆ ಪದರವೇ 3 ವೋಲ್ಟನ್ನು ನುಂಗುತ್ತದೆ. ಒಳಗೆ ತಲುಪುವುದು 16. ಹದಿನಾರರಿಂದ 16.8ನ್ನು ತುಂಬಲಾಗದು. ಚಾರ್ಜಿಂಗ್ ಬೋರ್ಡು ಇದನ್ನು ಅಡಾಪ್ಟರಿನ ದೋಷವೆಂದು ಭಾವಿಸಿ ನಿಲ್ಲಿಸಬಹುದು. ಕರೆಂಟು ನಿಂತೊಡನೆ ವೋಲ್ಟೇಜು ಮತ್ತೆ ಏರುವುದರಿಂದ ಪುನಃ ಆರಂಭಿಸಿ, ಪುನಃ ನಿಲ್ಲಿಸಬಹುದು. ಬೆಳಗಾಗುವ ತನಕ ಡಾಕ್ ಮೇಲೆ ಕೂತಿದ್ದ ರೋಬೋಟ್ ಬರಿದಾಗಿಯೇ ಇರುವುದಕ್ಕೆ ಇಷ್ಟು ಸಾಕು.

ಶುಚಿಗೊಳಿಸುವಾಗ ಅವಸರ ಬೇಡ. ಮೊದಲು ಡಾಕ್‌ನ ಪ್ಲಗ್ ಕಿತ್ತು, ರೋಬೋಟಿನ ಸ್ವಿಚ್ ಆರಿಸಬೇಕು. ಒಣ ಬಟ್ಟೆಯಿಂದ ಧೂಳು ಒರೆಸಿ, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ನಾಲ್ಕೂ ಲೋಹಗಳನ್ನು ತಿಕ್ಕಿದರೆ ಬಹಳಷ್ಟು ಸಲ ಹೊಳಪು ಬರುತ್ತದೆ. ಬಿಳಿಯ ಉಪ್ಪು ಬಿಡದಿದ್ದರೆ ಹುಳಿ ಬೇಕು. ಇಂಡಿ ತಾಲ್ಲೂಕಿನ ನಿಂಬೆಗೆ ಹೆಸರಾದ ಜಿಲ್ಲೆಯವರಾದ ನಮಗೆ ಅದು ಮನೆಯಲ್ಲೇ ಇರುತ್ತದೆ. ಕಿವಿಗೆ ಬಳಸುವ ಹತ್ತಿಯ ಕಡ್ಡಿಯ ತುದಿಯನ್ನು ನಿಂಬೆರಸದಲ್ಲಿ ಅದ್ದಿ, ಹಿಂಡಿ, ಪದರದ ಮೇಲೆ ಮಾತ್ರ ಆಡಿಸಿದರೆ ಸಣ್ಣ ಗುಳ್ಳೆಗಳೆದ್ದು ಉಪ್ಪು ಕರಗುತ್ತದೆ. ಹುಳಿಯನ್ನು ಹಾಗೆಯೇ ಬಿಟ್ಟರೆ ಅದೇ ಲೋಹವನ್ನು ತಿನ್ನುವುದರಿಂದ, ಸ್ವಲ್ಪ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ಔಷಧಿ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಪೂರ್ತಿ ಆರಿದ ಮೇಲೆಯೇ ಪ್ಲಗ್ ಹಾಕಬೇಕು. ಉಕ್ಕಿನ ಉಜ್ಜುವ ನಾರು, ಸ್ಯಾಂಡ್ ಪೇಪರ್, ಚಾಕುವಿನ ಮೊನೆ ಇವುಗಳನ್ನು ಬಳಸಲೇಬಾರದು: ಪಟ್ಟಿಯ ಮೇಲಿನ ತೆಳು ಲೇಪನ ಕಿತ್ತುಹೋಗಿ, ಒಳಗಿನ ಲೋಹ ಮುಂದಿನ ಮಳೆಗಾಲದಲ್ಲೇ ತುಕ್ಕು ಹಿಡಿಯುತ್ತದೆ. ಟ್ಯಾಂಕಿಗೆ ಬೋರ್ ನೀರಿನ ಬದಲು ಕುಡಿಯುವ ಆರ್‌ಒ ಫಿಲ್ಟರಿನ ನೀರು ಹಾಕಿದರೆ ಪದರ ಕಟ್ಟುವುದೇ ಬಹಳ ಮಟ್ಟಿಗೆ ತಪ್ಪುತ್ತದೆ.

ಪಟ್ಟಿಗಳು ಫಳಫಳ ಹೊಳೆಯುತ್ತಿದ್ದೂ ಅವು ಒಂದಕ್ಕೊಂದು ತಾಗದಿರಬಹುದು. ಡಾಕ್‌ನ ಬಿಂದುಗಳ ಕೆಳಗೆ ಸಣ್ಣ ಸ್ಪ್ರಿಂಗ್ ಇದ್ದಲ್ಲಿ, ಬೆರಳಿನಿಂದ ಒತ್ತಿದರೆ ತಗ್ಗಿ, ಬಿಟ್ಟರೆ ಎರಡೂ ಸಮವಾಗಿ ಮೇಲೇಳಬೇಕು. ಒಂದು ಧೂಳಿಗೆ ಸಿಕ್ಕಿ ಒಳಗೇ ಉಳಿದರೆ ಸಂಪರ್ಕ ತಪ್ಪುತ್ತದೆ. ರೋಬೋಟಿನ ಮುಂದಿನ ಪುಟ್ಟ ಗಾಲಿಯನ್ನು ಕಿತ್ತು ನೋಡಿ. ಅದರ ಅಚ್ಚಿಗೆ ತಲೆಗೂದಲು, ಸೀರೆಯ ಎಳೆ ಸುತ್ತಿಕೊಂಡಿದ್ದರೆ ಗಾಲಿ ಪೂರ್ತಿ ಒಳಗೆ ಕೂಡದೆ ಯಂತ್ರದ ಮುಂಭಾಗ ಎತ್ತರದಲ್ಲಿ ನಿಲ್ಲುತ್ತದೆ. ಎರಡು ಮಿಲಿಮೀಟರ್ ಎತ್ತರವಾದರೂ ಪಟ್ಟಿ ಬಿಂದುವನ್ನು ಮುಟ್ಟದಿರಬಹುದು. ಡಾಕ್ ಮೇಲೆ ಕೂತ ರೋಬೋಟನ್ನು ಮೇಲಿನಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತಿದಾಗ ದೀಪ ಹತ್ತಿ, ಕೈ ತೆಗೆದಾಗ ಆರಿದರೆ ದೋಷ ಇಲ್ಲಿಯೇ ಇದೆ. ಇನ್ನೊಂದು ಸಂಗತಿಯನ್ನು ಹೇಳಲೇಬೇಕು: ಅನೇಕ ಮಾದರಿಗಳಲ್ಲಿ ಪಕ್ಕದ ಅಥವಾ ಹೊಟ್ಟೆಯ ಕೆಳಗಿನ ಮುಖ್ಯ ಸ್ವಿಚ್ ಆನ್ ಇಲ್ಲದಿದ್ದರೆ ಚಾರ್ಜ್ ಆಗುವುದೇ ಇಲ್ಲ, ಶುಚಿ ಮಾಡಲೆಂದು ಆರಿಸಿದವರು ಅದನ್ನು ಮರೆಯುವುದುಂಟು.

ಕೆಲವು ರೋಬೋಟುಗಳ ಪಕ್ಕದಲ್ಲಿ ಅಡಾಪ್ಟರನ್ನು ನೇರವಾಗಿ ಚುಚ್ಚುವ ತೂತು ಇರುತ್ತದೆ. ನಿಮ್ಮದರಲ್ಲಿ ಇದ್ದರೆ, ದಾರಿಯನ್ನು ಎರಡು ಭಾಗ ಮಾಡುವ ಇಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ನೇರವಾಗಿ ಚುಚ್ಚಿದಾಗ ಚಾರ್ಜ್ ಆಗಿ ಡಾಕ್ ಮೇಲೆ ಆಗದಿದ್ದರೆ ದೋಷ ಡಾಕ್‌ನಲ್ಲಿ ಅಥವಾ ಪಟ್ಟಿಗಳಲ್ಲಿ. ನೇರವಾಗಿಯೂ ಆಗದಿದ್ದರೆ, ಮತ್ತು ಅಡಾಪ್ಟರ್ ಸರಿಯಿರುವುದು ಖಚಿತವಾಗಿದ್ದರೆ, ದೋಷ ರೋಬೋಟಿನ ಒಳಗಿದೆ. ಡಾಕ್‌ನ ಬಿಂದುಗಳಿಗೆ ಮಲ್ಟಿಮೀಟರ್ ಹಿಡಿದಾಗ ಸೊನ್ನೆ ಬಂತೆಂದು ಡಾಕ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರಬಾರದು. ರೋಬೋಟ್ ಬಂದು ಕೂತದ್ದು ಗೊತ್ತಾದ ಮೇಲೆಯೇ ಪೂರ್ತಿ ವೋಲ್ಟೇಜು ಬಿಡುವ ಡಾಕ್‌ಗಳೂ ಇವೆ.

ಒಳಗಿನ ದೋಷ ಎಂದಾಗಲೂ ಬ್ಯಾಟರಿ ಸತ್ತಿದೆ ಎಂದೇ ಅರ್ಥವಲ್ಲ. ಬಿಸಿಲಿನ ವಿಷಯಕ್ಕೆ ಮುಂದೆ ಬರುತ್ತೇನೆ ಎಂದಿದ್ದೆನಲ್ಲ, ಅದು ಇಲ್ಲಿದೆ. ಲಿಥಿಯಂ ಅಯಾನ್ ಸೆಲ್ಲುಗಳನ್ನು ಸಾಮಾನ್ಯವಾಗಿ 0ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಮಾತ್ರ ಚಾರ್ಜ್ ಮಾಡಬೇಕು. ಬ್ಯಾಟರಿಗೆ ಪ್ಲಸ್ ಮೈನಸ್ ಅಲ್ಲದೆ ಮೂರನೆಯ ತಂತಿಯೊಂದು ಇರುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಅದು ಸೆಲ್ಲುಗಳ ನಡುವೆ ಇಟ್ಟ ಥರ್ಮಿಸ್ಟರಿನಿಂದ ಉಷ್ಣಾಂಶದ ಸುದ್ದಿಯನ್ನು ಬೋರ್ಡಿಗೆ ತರುತ್ತದೆ. ವಿಜಯಪುರದ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹೊರಗೆ 40 ಡಿಗ್ರಿ ದಾಟುತ್ತದೆ; ಕಾದ ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆಯೂ ತಂಪಾಗಿರುವುದಿಲ್ಲ. ಅಂಥ ಹೊತ್ತಿನಲ್ಲಿ ಗಂಟೆಗಟ್ಟಲೆ ಮೋಟಾರು ಓಡಿಸಿ ಬಂದ ಬ್ಯಾಟರಿಯ ಒಳಗಿನ ಶಾಖ ಕೋಣೆಗಿಂತ ಇನ್ನೂ ಹೆಚ್ಚಿರುತ್ತದೆ. 45 ಮೀರಿದ್ದರೆ ಬೋರ್ಡು ಚಾರ್ಜಿಂಗ್ ತಡೆಯುತ್ತದೆ, ಮತ್ತು ಹಾಗೆ ತಡೆಯುವುದೇ ಸರಿ. ಒಂದೆರಡು ಗಂಟೆ ಫ್ಯಾನಿನ ಕೆಳಗೆ ಆರಲು ಬಿಟ್ಟು ಮತ್ತೆ ಡಾಕ್ ಮೇಲಿಟ್ಟರೆ ಏನೂ ಆಗಿಲ್ಲವೆಂಬಂತೆ ಚಾರ್ಜ್ ಆಗುತ್ತದೆ. ತಂಪು ಮಾಡುವ ಅವಸರಕ್ಕೆ ಫ್ರಿಜ್ಜಿನಲ್ಲಿಡುವುದು ಬೇಡ. ಹೊರತೆಗೆದಾಗ ಒಳಗೆಲ್ಲ ಬೆವರು ಕಟ್ಟುತ್ತದೆ. ಬೇಸಿಗೆಯಲ್ಲಿ ರೋಬೋಟನ್ನು ಬೆಳಿಗ್ಗೆ ಆರರ ಸುಮಾರಿಗೆ ಓಡಿಸಿ, ಡಾಕ್ ಅನ್ನು ಪಡುವಣ ಗೋಡೆಯಿಂದ ದೂರ ಇಟ್ಟರೆ ಈ ತಾಪತ್ರಯ ಬರುವುದೇ ಇಲ್ಲ.

ಇನ್ನು ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದ ಮೇಲೆ ಏಳದ ರೋಬೋಟುಗಳು. ಮೇನ್ ಸ್ವಿಚ್ ಇಳಿಸಿ ಮನೆಗೆ ಬೀಗ ಹಾಕಿ ಹೋಗುತ್ತೇವೆ, ರೋಬೋಟಿನ ಸ್ವಿಚ್ ಮಾತ್ರ ಆನ್ ಇರುತ್ತದೆ. ಸುಮ್ಮನೆ ಕೂತಿದ್ದರೂ ವೈಫೈ ಮತ್ತು ಸೆನ್ಸರುಗಳಿಗೆ ಅದು ಚೂರುಚೂರೇ ಕರೆಂಟು ಖರ್ಚು ಮಾಡುತ್ತ, ಒಂದೆರಡು ತಿಂಗಳಲ್ಲಿ ಸೆಲ್ಲುಗಳನ್ನು ತಳಮಟ್ಟ ಮುಟ್ಟಿಸುತ್ತದೆ. ಆಗ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿದುಕೊಳ್ಳುತ್ತದೆ. ಇಂಥ ಬ್ಯಾಟರಿಯನ್ನು ಡಾಕ್ ಮೇಲಿಟ್ಟರೆ ಮೊದಲ ಗಂಟೆಗಳಲ್ಲಿ ಯಾವ ದೀಪವೂ ಹತ್ತದಿರಬಹುದು. ಒಳ್ಳೆಯ ಚಾರ್ಜಿಂಗ್ ಬೋರ್ಡು ಅದಕ್ಕೆ ಬಹಳ ಸಣ್ಣ ಕರೆಂಟನ್ನು ಕೊಟ್ಟು, ವೋಲ್ಟೇಜು ಸುರಕ್ಷಿತ ಮಟ್ಟಕ್ಕೆ ಏರಿದ ಮೇಲೆ ವೇಗ ಹೆಚ್ಚಿಸುತ್ತದೆ. ಆದ್ದರಿಂದ ಮನೆಯಲ್ಲಿ ಜನರಿರುವ ಹೊತ್ತಿನಲ್ಲಿ, ಕಣ್ಣೆದುರಿಗೆ, ಒಂದು ದಿನದಷ್ಟು ಕಾಲ ಕೊಟ್ಟು ನೋಡಬಹುದು. ಆಗಲೂ ಏಳದಿದ್ದರೆ ಬೇರೆ ಚಾರ್ಜರಿನ ತಂತಿ ನೇರವಾಗಿ ಮುಟ್ಟಿಸಿ ಎಬ್ಬಿಸಿಕೊಡುತ್ತೇವೆ ಎನ್ನುವವರ ಮಾತಿಗೆ ದಯವಿಟ್ಟು ಒಪ್ಪಬೇಡಿ. ಅತಿಯಾಗಿ ಬರಿದಾದ ಸೆಲ್ಲಿನಲ್ಲಿ ಒಳಗಿನ ತಾಮ್ರ ಕರಗಿ ಬೇರೆಡೆ ಕೂತಿರಬಹುದು. ಬಲವಂತವಾಗಿ ತುಂಬಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಹೊರಡುವ ಮುನ್ನ ಅರ್ಧದಷ್ಟು ಚಾರ್ಜ್ ಉಳಿಸಿ, ಮುಖ್ಯ ಸ್ವಿಚ್ ಆರಿಸಿ, ತಂಪಾದ ಕೋಣೆಯಲ್ಲಿಟ್ಟು ಹೋಗುವುದು ಎಷ್ಟೋ ಮೇಲು.

ಪೂರ್ತಿ ಚಾರ್ಜ್ ಆಯಿತೆಂದು ತೋರಿಸಿ ಹತ್ತೇ ನಿಮಿಷದಲ್ಲಿ ನಿಲ್ಲುವ ರೋಬೋಟಿನದು ಬೇರೆಯೇ ಕಥೆ. ಅಲ್ಲಿ ಕರೆಂಟು ತಲುಪುತ್ತಿದೆ, ಹಿಡಿದಿಟ್ಟುಕೊಳ್ಳುವ ಶಕ್ತಿ ಕುಂದಿದೆ. ಇಂಥ ಸೆಲ್ಲುಗಳು ಸಾಮಾನ್ಯವಾಗಿ 300ರಿಂದ 500 ಪೂರ್ತಿ ಸುತ್ತು ಚಾರ್ಜ್ ಆಗುವ ಹೊತ್ತಿಗೆ ಸಾಮರ್ಥ್ಯದ ಐದರಲ್ಲೊಂದು ಭಾಗ ಕಳೆದುಕೊಳ್ಳುತ್ತವೆ. ದಿನವೂ ದುಡಿಯುವ ರೋಬೋಟಿಗೆ ಎರಡು ಮೂರು ವರ್ಷದಲ್ಲಿ ಈ ಮುಪ್ಪು ಬರುವುದು ಸಹಜ. ಬ್ಯಾಟರಿ ಬದಲಿಸುವ ಮಾತು ಬರಬೇಕಾದದ್ದು ಈಗ. ಹಳೆಯದರ ಚೀಟಿಯಲ್ಲಿರುವ ವೋಲ್ಟ್, ಕನೆಕ್ಟರಿನ ಆಕಾರ, ತಂತಿಗಳ ಸಂಖ್ಯೆ ಹೊಸದರಲ್ಲಿ ಅಕ್ಷರಶಃ ಹೊಂದಬೇಕು. 14.4 ವೋಲ್ಟ್, 2600 ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಸುತ್ತದೆ ಎಂಬುದರ ಅಳತೆ) ಎಂದಿದ್ದಲ್ಲಿ ಅದೇ ವೋಲ್ಟಿನ 5200 ಎಂಎಎಚ್ ಹಾಕಲು ಜಾಗ ಮತ್ತು ತಯಾರಕರ ಒಪ್ಪಿಗೆ ಎರಡೂ ಇದ್ದರೆ ಅಡ್ಡಿಯಿಲ್ಲ, ಆದರೆ ಪೂರ್ತಿ ತುಂಬಲು ಎರಡರಷ್ಟು ಹೊತ್ತು ಬೇಕಾಗುತ್ತದೆ. ಹೊಸ ಬ್ಯಾಟರಿಯಿಂದಲೂ ಚಾರ್ಜ್ ಆಗದಿದ್ದರೆ ಉಳಿಯುವುದು ಚಾರ್ಜಿಂಗ್ ಬೋರ್ಡು ಒಂದೇ. ಅದು ಬಲ್ಲವರ ಕೈಯಲ್ಲಿ ಆಗಬೇಕಾದ ಕೆಲಸ.

ತೆಗೆದ ಬ್ಯಾಟರಿ ಉಬ್ಬಿದ್ದರೆ ಒತ್ತುವುದು, ಚುಚ್ಚುವುದು, ಮತ್ತೆ ಹಾಕಿ ನೋಡುವುದು ಯಾವುದೂ ಬೇಡ. ಕನೆಕ್ಟರಿನ ಬಾಯಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದಂತೆ, ಮನೆಯ ಹೊರಗೆ ನೆರಳಿನಲ್ಲಿ ಮರಳು ತುಂಬಿದ ಮಣ್ಣಿನ ಕುಂಡದಲ್ಲಿ ಇಡಬೇಕು. ಕಸದ ಗಾಡಿಗೆ ಹಾಕಿದರೆ ಅಲ್ಲಿ ಒತ್ತಡಕ್ಕೆ ಸಿಕ್ಕು ಹೊತ್ತಿಕೊಳ್ಳಬಹುದು, ಮತ್ತು ಅದನ್ನು ಬರಿಗೈಯಲ್ಲಿ ವಿಂಗಡಿಸುವವರು ನಮ್ಮ ಊರಿನ ಪೌರಕಾರ್ಮಿಕರು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ಎಲ್ಲಿ ಒಪ್ಪಿಸಬೇಕೆಂದು ಮಾರುವವರನ್ನು ಕೇಳಿ, ಅಲ್ಲಿಗೇ ತಲುಪಿಸಿ.